ಚುವಾನ್ ಬೇಮು, ಝೆ ಬೇಮು: ಒಣ ಕೆಮ್ಮಿಗೆ ಯಾವುದು, ಕಫಕ್ಕೆ ಯಾವುದು?

ಓದುಗರ ಪ್ರಶ್ನೆ: ನಾನು ಸಿಂಗಪುರದಲ್ಲಿ ಕೆಲಸದಲ್ಲಿದ್ದೇನೆ. ಶಿವಮೊಗ್ಗದಲ್ಲಿರುವ ನಮ್ಮ ಅತ್ತೆಗೆ ಒಂದೂವರೆ ತಿಂಗಳಿಂದ ಒಣ ಕೆಮ್ಮು. ಅವರಿಗೆ 68 ವರ್ಷ. ರಾತ್ರಿ ಕೆಮ್ಮು ಜಾಸ್ತಿ, ಕಫ ಬರುವುದಿಲ್ಲ, ಜ್ವರ ಇಲ್ಲ. ಬಿಪಿ ಮತ್ತು ಶುಗರ್ ಎರಡೂ ಇವೆ. ಎರಡು ತಿಂಗಳ ಹಿಂದೆ ಬಿಪಿ ಮಾತ್ರೆ ಬದಲಾಯಿಸಿದ್ದಾರೆ. ನನ್ನ ಚೀನೀ ಸಹೋದ್ಯೋಗಿಯೊಬ್ಬರು 'ಚುವಾನ್ ಬೇಮು' ಅನ್ನುವ ಗಡ್ಡೆಯನ್ನು ಪೇರ್ಸ್ ಹಣ್ಣಿನ ಜೊತೆ ಬೇಯಿಸಿ ಕೊಡಿ ಅಂದರು. ಅಂಗಡಿಗೆ ಹೋದರೆ ಅಲ್ಲಿ 'ಝೆ ಬೇಮು' ಅಂತಲೂ ಒಂದಿತ್ತು. ನೋಡೋಕೆ ಬೇರೆ, ಬೆಲೆಯಲ್ಲಿ ಹತ್ತಾರು ಪಟ್ಟು ವ್ಯತ್ಯಾಸ. ಎರಡೂ ಒಂದೇ ಜಾತಿ, ಕಡಿಮೆ ಬೆಲೆಯದೂ ನಡೆಯುತ್ತೆ ಅಂತ ಅಂಗಡಿಯವರು ಹೇಳಿದರು. ನಿಜವಾ? ಊರಿಗೆ ಯಾವುದನ್ನು ತರಲಿ?

ಉತ್ತರ: ಗಿಡದ ವಿಷಯಕ್ಕೆ ಬರುವ ಮೊದಲು ನಿಮ್ಮ ಪ್ರಶ್ನೆಯಲ್ಲೇ ಇರುವ ಒಂದು ಮಾತನ್ನು ಎತ್ತಿಕೊಳ್ಳುತ್ತೇನೆ. ಬಿಪಿ ಮಾತ್ರೆ ಬದಲಾಗಿ ಎರಡು ತಿಂಗಳು, ಕೆಮ್ಮು ಶುರುವಾಗಿ ಒಂದೂವರೆ ತಿಂಗಳು. ಇವತ್ತೇ ಫೋನ್ ಮಾಡಿ ಮಾತ್ರೆಯ ಹೆಸರು ಓದಿಸಿಕೊಳ್ಳಿ. ರಾಮಿಪ್ರಿಲ್, ಎನಲಾಪ್ರಿಲ್, ಲಿಸಿನೋಪ್ರಿಲ್, ಪೆರಿಂಡೋಪ್ರಿಲ್, ಹೀಗೆ ಕೊನೆಯಲ್ಲಿ 'ಪ್ರಿಲ್' ಅಂತ ಇದ್ದರೆ ಕೆಮ್ಮಿಗೆ ಆ ಮಾತ್ರೆಯೇ ಕಾರಣ ಇರಬಹುದು. ಈ ಗುಂಪಿನ ಔಷಧಿಗಳು ಕೆಲವರಲ್ಲಿ ಕಫ ಇಲ್ಲದ, ಗಂಟಲು ಕೆರೆಯುವಂಥ ಕೆಮ್ಮು ತರುತ್ತವೆ. ಹೆಂಗಸರಲ್ಲಿ ಇದು ಜಾಸ್ತಿ. ಹಾಗಿದ್ದರೆ ಯಾವ ದೇಶದ ಯಾವ ಗಡ್ಡೆ ಕೊಟ್ಟರೂ ಕೆಮ್ಮು ನಿಲ್ಲುವುದಿಲ್ಲ. ಮಾತ್ರೆಯನ್ನು ಅವರಾಗಿಯೇ ಬಿಡುವುದು ಬೇಡ. ವೈದ್ಯರಿಗೆ ಹೇಳಿದರೆ ಟೆಲ್ಮಿಸಾರ್ಟನ್ ಅಥವಾ ಲೊಸಾರ್ಟನ್ ಥರದ ಇನ್ನೊಂದು ಗುಂಪಿನ ಮಾತ್ರೆಗೆ ಬದಲಾಯಿಸುತ್ತಾರೆ. ಆಮೇಲೆ ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರದಲ್ಲಿ ಕೆಮ್ಮು ಇಳಿಯುತ್ತದೆ. ಕೆಲವರಿಗೆ ಇನ್ನೂ ಸ್ವಲ್ಪ ದಿನ ಹಿಡಿಯಬಹುದು.

ಮಾತ್ರೆ ಆ ಗುಂಪಿನದಲ್ಲದಿದ್ದರೂ ಒಂದೂವರೆ ತಿಂಗಳ ಕೆಮ್ಮನ್ನು ಮನೆಮದ್ದಿಗೆ ಬಿಡುವ ಹಾಗಿಲ್ಲ. ನಮ್ಮ ದೇಶದಲ್ಲಿ ಎರಡು ವಾರ ದಾಟಿದ ಕೆಮ್ಮಿಗೆ ಕ್ಷಯದ ಪರೀಕ್ಷೆ ಮಾಡಿಸಬೇಕು ಅನ್ನುವುದು ನಿಯಮ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಅಸ್ತಮಾ, ಹೊಟ್ಟೆಯ ಆಮ್ಲ ಗಂಟಲಿಗೆ ಬರುವುದು, ಇವೂ ರಾತ್ರಿ ಕೆಮ್ಮಿಗೆ ಕಾರಣವಾಗುತ್ತವೆ. ಮೊದಲು ಇದು ಆಗಲಿ.

ಈಗ ನಿಮ್ಮ ನಿಜವಾದ ಪ್ರಶ್ನೆ. ಅಂಗಡಿಯವರು ಹೇಳಿದ್ದರಲ್ಲಿ ಅರ್ಧ ಸರಿ. ಎರಡೂ ಒಂದೇ ಕುಲದ ಗಿಡಗಳು. ಆದರೆ ಒಂದು ದುಬಾರಿ ಮಾಲು, ಇನ್ನೊಂದು ಅದರದೇ ಅಗ್ಗದ ಮಾಲು ಅಂತ ತಿಳಿಯುವುದು ತಪ್ಪು. ಚೀನೀ ವೈದ್ಯರು ಇವೆರಡನ್ನು ಬೇರೆ ಬೇರೆ ಕೆಮ್ಮಿಗೆ ಬಳಸುತ್ತಾರೆ. ಚುವಾನ್‌ಗೆ ಬೆಲೆ ಹೆಚ್ಚಾಗಿರುವುದು ಆ ಗಡ್ಡೆ ಸಿಗುವುದು ಕಷ್ಟ ಅನ್ನುವ ಕಾರಣಕ್ಕೆ. ಅದರಲ್ಲಿ ಔಷಧಿಯ ಅಂಶ ಹೆಚ್ಚಿದೆ ಅಂತಲ್ಲ.

ಇವು ಫ್ರಿಟಿಲ್ಲೇರಿಯಾ ಅನ್ನುವ ಕುಲಕ್ಕೆ ಸೇರಿದವು, ಲಿಲಿ ಹೂವಿನ ಕುಟುಂಬ. ಈ ಕುಲದಲ್ಲಿ ಸುಮಾರು 140 ಜಾತಿಗಳಿವೆ. ತಲೆ ತಗ್ಗಿಸಿದ ಗಂಟೆಯಂಥ ಹೂವು, ಮಣ್ಣಿನೊಳಗೆ ದಪ್ಪ ಎಸಳುಗಳ ಬಿಳಿ ಗಡ್ಡೆ. ಔಷಧಿಗೆ ಬಳಸುವುದು ಆ ಗಡ್ಡೆಯನ್ನೇ. ಚೀನಾದ ಫಾರ್ಮಾಕೋಪಿಯಾ, ಅಂದರೆ ಔಷಧಿಗಳ ಗುಣಮಟ್ಟ ಗೊತ್ತುಮಾಡುವ ಸರ್ಕಾರಿ ಪುಸ್ತಕ, ಬೇಮು ಅನ್ನು ಒಂದೇ ಔಷಧಿಯಾಗಿ ನೋಡುವುದಿಲ್ಲ. ಚುವಾನ್, ಝೆ, ಪಿಂಗ್, ಯೀ, ಹೂಬೇ, ಹೀಗೆ ಒಂದೊಂದಕ್ಕೂ ಬೇರೆ ಪುಟ, ಬೇರೆ ಅಳತೆ ಕೊಟ್ಟಿದೆ.

ಚುವಾನ್ ಅಂದರೆ ಸಿಚುವಾನ್ ಪ್ರಾಂತ್ಯದ್ದು. ಫ್ರಿಟಿಲ್ಲೇರಿಯಾ ಸಿರೋಸಾ ಇದರ ಮುಖ್ಯ ಗಿಡ. ಅದರ ಜೊತೆ ಇನ್ನೂ ಕೆಲವು ಹತ್ತಿರದ ಜಾತಿಗಳನ್ನು ಸೇರಿಸಿ ಒಟ್ಟು ಆರನ್ನು ಚುವಾನ್ ಬೇಮು ಅಂತ ಫಾರ್ಮಾಕೋಪಿಯಾ ಒಪ್ಪುತ್ತದೆ. ಸಿಚುವಾನ್, ಯುನ್ನಾನ್, ಚಿಂಗ್‌ಹೈ, ಗಾನ್ಸು, ಟಿಬೆಟ್‌ನ ಎತ್ತರದ ಬೆಟ್ಟಗಳಲ್ಲಿ, ಬಹುಮಟ್ಟಿಗೆ 3,000 ಮೀಟರಿಗಿಂತ ಮೇಲೆ ಇವು ಬೆಳೆಯುತ್ತವೆ. ವರ್ಷದಲ್ಲಿ ಕೆಲವೇ ತಿಂಗಳು ಬಿಸಿಲು, ಉಳಿದದ್ದೆಲ್ಲ ಹಿಮ. ಹಾಗಾಗಿ ಗಡ್ಡೆ ಬಲಿಯುವುದು ತೀರಾ ನಿಧಾನ, ಎಷ್ಟು ವರ್ಷ ಆದರೂ ಬೆರಳ ತುದಿಗಿಂತ ದೊಡ್ಡದಾಗುವುದು ಕಡಿಮೆ. ಹಿಮ ಕರಗಿದ ಮೇಲೆ ಬೆಟ್ಟದ ಜನ ಹೋಗಿ ಒಂದೊಂದಾಗಿ ಅಗೆದು ತರುತ್ತಾರೆ.

ಝೆ ಅಂದರೆ ಝೆಜಿಯಾಂಗ್, ಸಮುದ್ರ ತೀರದ ಪ್ರಾಂತ್ಯ. ಇದರ ಗಿಡ ಫ್ರಿಟಿಲ್ಲೇರಿಯಾ ಥನ್‌ಬರ್ಗಿಯೈ. ಇದು ರೈತರ ಬೆಳೆ. ಮೊದಲು ಹೆಸರಾದದ್ದು ಶಿಯಾಂಗ್‌ಶಾನ್ ಊರಿನದು, ಅದಕ್ಕೇ ಹಳಬರು ಇದನ್ನು ಶಿಯಾಂಗ್ ಬೇ ಅಂತಲೂ ಕರೆಯುತ್ತಾರೆ. ಈಗ ನಿಂಗ್ಬೋ ಸುತ್ತಮುತ್ತ ಮತ್ತು ಪಾನಾನ್ ಕಡೆ ಜಾಸ್ತಿ ಬೆಳೆಯುತ್ತಾರೆ. ಶರತ್ಕಾಲದಲ್ಲಿ ಗಡ್ಡೆ ನೆಟ್ಟರೆ ಮುಂದಿನ ಬೇಸಿಗೆಯ ಶುರುವಿನಲ್ಲಿ ಎಲೆ ಒಣಗುತ್ತದೆ, ಆಗ ಕೀಳುತ್ತಾರೆ. ಹೊಲದಲ್ಲಿ ಬೆಳೆದು ವರ್ಷ ವರ್ಷ ಕೀಳುವ ಗಡ್ಡೆಗೂ ಬೆಟ್ಟ ಹತ್ತಿ ಹುಡುಕಿ ಅಗೆಯುವ ಗಡ್ಡೆಗೂ ಒಂದೇ ಬೆಲೆ ಇರಲು ಹೇಗೆ ಸಾಧ್ಯ? ನೀವು ಅಂಗಡಿಯಲ್ಲಿ ಕಂಡ ಹತ್ತಾರು ಪಟ್ಟಿನ ಬಹುಪಾಲು ಇಲ್ಲೇ ಇದೆ.

ಈ ಎರಡನ್ನು ಬೇರೆ ಮಾಡಿ ನೋಡುವುದು ಚೀನಾದಲ್ಲೂ ತೀರಾ ಹಳೆಯ ಪದ್ಧತಿಯಲ್ಲ. ಹಳೆಯ ಮೂಲಿಕೆ ಗ್ರಂಥಗಳಲ್ಲಿ ಬರೀ ಬೇಮು ಅಂತ ಇರುತ್ತದೆ. 16ನೆಯ ಶತಮಾನದ ಲಿ ಶಿಝೆನ್ ಅವರ ದೊಡ್ಡ ಗ್ರಂಥದಲ್ಲೂ ಬೇಮುವಿಗೆ ಒಂದೇ ಅಧ್ಯಾಯ. ಅದಕ್ಕೆ ಪೂರಕವಾಗಿ 1765ರ ಸುಮಾರಿಗೆ ಝಾವೋ ಶುವೆಮಿನ್ ಬರೆದ ಗ್ರಂಥದಲ್ಲಿ ಝೆಜಿಯಾಂಗಿನ ಗಡ್ಡೆಗೆ ಬೇರೆ ಜಾಗ ಸಿಕ್ಕಿತು. ಸಿಚುವಾನಿನದು ಕಹಿಯ ಜೊತೆ ಸ್ವಲ್ಪ ಸಿಹಿ, ಅದು ಶ್ವಾಸಕೋಶಕ್ಕೆ ತೇವ ಕೊಡುತ್ತದೆ. ಝೆಜಿಯಾಂಗಿನದು ಬರೀ ಕಹಿ, ಅದು ಉಷ್ಣವನ್ನೂ ಕಫವನ್ನೂ ಹೊರಗೆ ಹಾಕುತ್ತದೆ. ಈ ಭೇದ ಆಮೇಲೆ ಗಟ್ಟಿಯಾಗುತ್ತಾ ಬಂತು. ಇಂದಿಗೂ ಚೀನೀ ವೈದ್ಯರು ಹೇಳುವುದು ಬಹುಮಟ್ಟಿಗೆ ಇದನ್ನೇ.

ಬಳಕೆಯಲ್ಲಿ ಇದು ಹೇಗೆ ಕಾಣುತ್ತದೆ ನೋಡಿ. ಒಬ್ಬರಿಗೆ ಹಳೆಯ ಕೆಮ್ಮು. ಗಂಟಲು ಒಣಗುತ್ತದೆ, ಕಫ ಇಲ್ಲ, ಬಂದರೂ ಅಂಟಂಟಾಗಿ ಚೂರು ಬರುತ್ತದೆ, ಮೈ ಸೊರಗಿದೆ. ಇಂಥವರಿಗೆ ಚುವಾನ್. ಇನ್ನೊಬ್ಬರಿಗೆ ನೆಗಡಿ ಜ್ವರದ ಬೆನ್ನಿಗೆ ಬಂದ ಹೊಸ ಕೆಮ್ಮು. ಗಂಟಲು ನೋವು, ಹಳದಿ ಬಣ್ಣದ ದಪ್ಪ ಕಫ. ಇವರಿಗೆ ಝೆ. ಕುತ್ತಿಗೆಯ ಗಂಟು, ಬಾವು, ಕುರುಗಳಿಗೂ ಝೆ ಬೇಮು ಹಾಕುತ್ತಾರೆ, ಆ ಕೆಲಸಕ್ಕೆ ಅದೇ ಮುಂದು. ನಿಮ್ಮ ಅತ್ತೆಯವರ ಕೆಮ್ಮನ್ನು ಕೇಳಿದ ಕೂಡಲೇ ನಿಮ್ಮ ಸಹೋದ್ಯೋಗಿ ಚುವಾನ್ ಅಂದದ್ದು ಅವರ ಪದ್ಧತಿಯ ಪ್ರಕಾರ ಸರಿಯಾಗಿಯೇ ಇದೆ.

ಆದರೆ ಈ ಗೆರೆ ಕಲ್ಲಿನ ಮೇಲೆ ಕೊರೆದದ್ದಲ್ಲ. ಸಾಂಗ್ ಶಿಂಗ್ ತಾಂಗ್ ಅನ್ನುವ ಹೆಸರಾಂತ ಕಷಾಯವೊಂದಿದೆ. ಹಿಪ್ಪುನೇರಳೆ ಎಲೆ, ಕಹಿ ಏಪ್ರಿಕಾಟ್ ಬೀಜ, ಪೇರ್ಸ್ ಹಣ್ಣಿನ ಸಿಪ್ಪೆ ಎಲ್ಲ ಅದರಲ್ಲಿವೆ. ಒಣ ಹವೆಯಲ್ಲಿ ಬರುವ ಒಣ ಕೆಮ್ಮಿಗೆ ಅಂತಲೇ ಅದು ಇರುವುದು. ಅದರಲ್ಲಿ ಹಾಕುವುದು ಝೆ ಬೇಮು! ಹೊಸದಾಗಿ ಹತ್ತಿದ ಉಷ್ಣವನ್ನು ಇಳಿಸಲಿ ಅಂತ ಝೆ, ತೇವ ಕೊಡುವ ಕೆಲಸಕ್ಕೆ ಉಳಿದ ಸಾಮಾನು. ಅಂದರೆ ನುರಿತ ವೈದ್ಯರು ಇಡೀ ರೋಗಿಯನ್ನು ನೋಡಿ ಸಾಮಾನು ಜೋಡಿಸುತ್ತಾರೆ. 'ಒಣ ಕೆಮ್ಮು, ಹಾಗಾಗಿ ಚುವಾನ್' ಅನ್ನುವ ಒಂದು ಸಾಲಿನ ಲೆಕ್ಕ ಅಂಗಡಿಯ ಕೌಂಟರಿಗೆ ಸಾಕಾಗಬಹುದು, ವೈದ್ಯಕ್ಕೆ ಸಾಕಾಗುವುದಿಲ್ಲ.

ಕೊಡುವ ರೀತಿಯೂ ಬೇರೆ. ಝೆ ಬೇಮುವನ್ನು ಬೇರೆ ಸಾಮಾನಿನ ಜೊತೆ ಕಷಾಯದ ಪಾತ್ರೆಗೆ ಹಾಕುತ್ತಾರೆ, ದಿನಕ್ಕೆ 5ರಿಂದ 10 ಗ್ರಾಂ. ಚುವಾನ್ ಬೇಮುವಿಗೆ ಕಷಾಯದಲ್ಲಿ 3ರಿಂದ 10 ಗ್ರಾಂ ಅಂತ ಲೆಕ್ಕ ಇದ್ದರೂ, ಅಷ್ಟು ದುಬಾರಿ ಗಡ್ಡೆಯನ್ನು ಕುದಿಸಿ ಚರಟ ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಅದಕ್ಕೆ ನುಣ್ಣಗೆ ಪುಡಿ ಮಾಡಿ ಒಂದು ಸಲಕ್ಕೆ 1ರಿಂದ 2 ಗ್ರಾಂ ನುಂಗಿಸುತ್ತಾರೆ. ಪೇರ್ಸ್ ಹಣ್ಣಿನ ಒಳಗೆ ಪುಡಿ ಹಾಕಿ ಹಬೆಯಲ್ಲಿ ಬೇಯಿಸುವುದೂ ಇದೇ ಲೆಕ್ಕದ ಮೇಲೆ, ಪುಡಿ ಪೂರ್ತಿ ಹೊಟ್ಟೆಗೆ ಹೋಗುತ್ತದೆ.

ಈಗ ಗಡ್ಡೆಯ ಒಳಗೆ ಏನಿದೆ ಅನ್ನುವುದಕ್ಕೆ ಬರೋಣ. ಔಷಧಿ ಗಿಡಗಳ ಪಾಠ ಹೇಳುವ ನನಗೆ ಎಲ್ಲಕ್ಕಿಂತ ಆಸಕ್ತಿ ಇರುವುದು ಇಲ್ಲೇ. ಎರಡರಲ್ಲೂ ಇರುವುದು ಒಂದೇ ಬಗೆಯ ಸ್ಟಿರಾಯ್ಡ್ ಮೈಕಟ್ಟಿನ ಆಲ್ಕಲಾಯ್ಡ್‌ಗಳು, ಅಂದರೆ ಗಿಡ ತಯಾರಿಸುವ, ನಮ್ಮ ಮೈಮೇಲೆ ಪರಿಣಾಮ ಮಾಡುವ ರಾಸಾಯನಿಕಗಳು. ಝೆಯಲ್ಲಿ ಪೈಮೀನ್ ಮತ್ತು ಪೈಮಿನೀನ್ ಮುಖ್ಯ. ಚುವಾನ್‌ನಲ್ಲಿ ಇಂಪೀರಿಯಲೀನ್ ಮುಖ್ಯ, ಇದಕ್ಕೆ ಸಿಪೈಮೀನ್ ಅಂತಲೂ ಹೆಸರು. ಸ್ಟಿರಾಯ್ಡ್ ಅಂದ ಕೂಡಲೇ ಇನ್‌ಹೇಲರಿನ ಸ್ಟಿರಾಯ್ಡ್ ಅಂದುಕೊಳ್ಳಬೇಡಿ, ಅಣುವಿನ ಚೌಕಟ್ಟು ಮಾತ್ರ ಆ ಥರದ್ದು. ಪ್ರಯೋಗಾಲಯದಲ್ಲಿ ಮತ್ತು ಇಲಿ, ಗಿನಿಪಿಗ್‌ಗಳಲ್ಲಿ ಈ ಆಲ್ಕಲಾಯ್ಡ್‌ಗಳು ಶ್ವಾಸನಾಳದ ಸ್ನಾಯುವನ್ನು ಸಡಿಲ ಮಾಡಿವೆ, ಕೆಮ್ಮು ಕಡಿಮೆ ಮಾಡಿವೆ, ಉರಿಯೂತ ಇಳಿಸಿವೆ. ಆದ್ದರಿಂದ ಹಳಬರ ಅನುಭವಕ್ಕೆ ಆಧಾರವೇ ಇಲ್ಲ ಅನ್ನಲು ಬರುವುದಿಲ್ಲ. ಆದರೆ ಇದೊಂದೇ ಗಡ್ಡೆಯನ್ನು ಮನುಷ್ಯರಿಗೆ ಕೊಟ್ಟು, ಹೋಲಿಕೆಗೆ ಇನ್ನೊಂದು ಗುಂಪನ್ನಿಟ್ಟು, ಸರಿಯಾಗಿ ನಡೆಸಿದ ಪರೀಕ್ಷೆಗಳು ತೀರಾ ಕಡಿಮೆ. ಹೆಚ್ಚಿನವು ಹತ್ತು ಹನ್ನೆರಡು ಸಾಮಾನಿರುವ ಸಿರಪ್‌ಗಳ ಮೇಲೆ ನಡೆದವು. ಅದರಲ್ಲಿ ಯಾವುದರ ಕೆಲಸ ಯಾವುದು ಅಂತ ಬಿಡಿಸಿ ಹೇಳುವುದು ಕಷ್ಟ.

ಬೆಲೆಯ ಮಾತಿಗೆ ಇಲ್ಲೊಂದು ಉತ್ತರವಿದೆ. ಫಾರ್ಮಾಕೋಪಿಯಾ ಪ್ರಕಾರ ಚುವಾನ್ ಬೇಮುವಿನಲ್ಲಿ ಒಟ್ಟು ಆಲ್ಕಲಾಯ್ಡ್ ಕನಿಷ್ಠ ಶೇ 0.050 ಇರಬೇಕು. ಝೆ ಬೇಮುವಿನಲ್ಲಿ ಪೈಮೀನ್, ಪೈಮಿನೀನ್ ಎರಡೇ ಸೇರಿ ಕನಿಷ್ಠ ಶೇ 0.080 ಇರಬೇಕು. ಅಂದರೆ ಅಗ್ಗದ ಗಡ್ಡೆಗೇ ಹೆಚ್ಚಿನ ಅಳತೆ! ಇದರಿಂದ ಝೆಯೇ ಮೇಲು ಅಂತಲೂ ಆಗುವುದಿಲ್ಲ, ಅಣುಗಳು ಬೇರೆ, ಬಳಸುವ ರೀತಿ ಬೇರೆ. ಜಾಸ್ತಿ ದುಡ್ಡು ಕೊಟ್ಟರೆ ಜಾಸ್ತಿ ಗುಣ ಅನ್ನುವ ನಂಬಿಕೆಯನ್ನು ಮಾತ್ರ ಈ ಅಂಕಿಗಳನ್ನು ನೋಡಿ ಬಿಡಬೇಕು.

ಉಳಿದ ಬೇಮುಗಳನ್ನೂ ತಿಳಿದಿದ್ದರೆ ಒಳ್ಳೆಯದು, ಅಂಗಡಿಯಲ್ಲಿ ಎದುರಾಗುತ್ತವೆ. ಪಿಂಗ್ ಬೇಮು ಈಶಾನ್ಯ ಚೀನಾದ್ದು, ಫ್ರಿಟಿಲ್ಲೇರಿಯಾ ಉಸುರಿಯೆನ್ಸಿಸ್. ಹೊಲದಲ್ಲಿ ಬೆಳೆಯುತ್ತದೆ, ಚಪ್ಪಟೆ ಗುಂಡಗೆ ಇರುತ್ತದೆ, ಬಳಕೆ ಚುವಾನ್‌ಗೆ ಹತ್ತಿರ. ಯೀ ಬೇಮು ಶಿನ್‌ಜಿಯಾಂಗ್ ಕಡೆಯದು. ಹೂಬೇ ಬೇಮು ಹೆಸರೇ ಹೇಳುವಂತೆ ಹೂಬೇ ಪ್ರಾಂತ್ಯದ್ದು, ಝೆಗೆ ಹತ್ತಿರ. ತೂ ಬೇಮು ಮಾತ್ರ ಈ ಕುಲದ್ದೇ ಅಲ್ಲ, ಅದು ಸೌತೆ ಕುಂಬಳದ ಕುಟುಂಬದ ಬಳ್ಳಿಯ ಗಡ್ಡೆ. ಅದನ್ನು ಬಾವು, ಗಂಟುಗಳಿಗೆ ಬಳಸುತ್ತಾರೆ. ಕೆಮ್ಮಿಗೆ ಅಂತ ಕೊಳ್ಳುವವರು ಅದನ್ನು ತರಬಾರದು.

ಕಣ್ಣಿನಲ್ಲೇ ಗುರುತಿಸುವುದು ಹೇಗೆ? ಝೆ ಬೇಮು ಸುಲಭ. ದೊಡ್ಡ ಗಡ್ಡೆಯ ನಡುವಿನ ಮೊಳಕೆ ತೆಗೆದು ಎಸಳು ಬಿಡಿಸಿ ಒಣಗಿಸಿದ್ದು ಅರ್ಧಚಂದ್ರದಂತೆ ಇರುತ್ತದೆ, 2ರಿಂದ 3.5 ಸೆಂಟಿಮೀಟರ್ ಅಗಲ. ಚಿಕ್ಕದನ್ನು ಇಡಿಯಾಗಿ ಒಣಗಿಸುತ್ತಾರೆ, ಅದಕ್ಕೆ ಮುತ್ತಿನ ಬೇ ಅಂತ ಹೆಸರು. ಈಗೀಗ ಹಸಿಯಾಗಿರುವಾಗಲೇ ಬಿಲ್ಲೆ ಕತ್ತರಿಸಿ ಒಣಗಿಸಿದ್ದೂ ಬರುತ್ತದೆ.

ಚುವಾನ್‌ನಲ್ಲಿ ದರ್ಜೆಗಳಿವೆ. ಎಲ್ಲಕ್ಕಿಂತ ದುಬಾರಿ ಸೋಂಗ್ ಬೇ. ಒಂದು ಸೆಂಟಿಮೀಟರ್ ಕೂಡ ಇರುವುದಿಲ್ಲ, 3ರಿಂದ 9 ಮಿಲಿಮೀಟರ್ ದಪ್ಪ. ಎರಡು ಎಸಳಿನಲ್ಲಿ ಒಂದು ದೊಡ್ಡದು, ಅದು ಚಿಕ್ಕದನ್ನು ತಬ್ಬಿಕೊಂಡಿರುತ್ತದೆ. ಹೊರಗಿನಿಂದ ನೋಡಿದರೆ ಚಿಕ್ಕ ಎಸಳು ಎಳೆ ಚಂದ್ರನ ಹಾಗೆ ಒಂದು ಪಕ್ಕದಲ್ಲಿ ಇಣುಕುತ್ತದೆ. ಅಂಗಡಿಯವರು ಇದನ್ನು ಎದೆಯಲ್ಲಿ ಅಪ್ಪಿದ ಚಂದ್ರ ಅನ್ನುತ್ತಾರೆ. ತುದಿ ಮುಚ್ಚಿರುತ್ತದೆ, ಬುಡ ಚಪ್ಪಟೆ, ಮೇಜಿನ ಮೇಲಿಟ್ಟರೆ ಕೂರುತ್ತದೆ. ಚಿಂಗ್ ಬೇಯಲ್ಲಿ ಎರಡೂ ಎಸಳು ಸಮ, ತುದಿ ಬಾಯಿ ಬಿಟ್ಟಿರುತ್ತದೆ. ಲೂ ಬೇ ಉದ್ದನೆಯ ಶಂಕುವಿನ ಆಕಾರ, ಕೆಲವದರ ಮೇಲೆ ಕಂದು ಮಚ್ಚೆ. ಇನ್ನು ಕೃಷಿಯಲ್ಲಿ ಬೆಳೆದ ಚುವಾನ್ ಸ್ವಲ್ಪ ದಪ್ಪ, ಮೈ ಒರಟು.

ಇಷ್ಟೆಲ್ಲ ಗುರುತು ಹೇಳಿದರೂ ಮೋಸ ನಡೆಯುತ್ತದೆ. ಚಿಕ್ಕ ಪಿಂಗ್ ಬೇಮು, ಚಿಕ್ಕ ಝೆ ಬೇಮು ಆರಿಸಿ ಚುವಾನ್ ಅಂತ ಮಾರುವುದು ಹಳೆಯ ಕಸುಬು. ಪುಡಿ ಮಾಡಿಬಿಟ್ಟರಂತೂ ಯಾವ ಕಣ್ಣಿಗೂ ಸಿಗುವುದಿಲ್ಲ. ಅದಕ್ಕೇ ಚೀನಾದ ಫಾರ್ಮಾಕೋಪಿಯಾ 2010ರ ಆವೃತ್ತಿಯಲ್ಲಿ ಚುವಾನ್ ಬೇಮುವಿಗೆ ಡಿಎನ್‌ಎ ಪರೀಕ್ಷೆಯನ್ನು ಸೇರಿಸಿತು. ಗಡ್ಡೆಯ ಡಿಎನ್‌ಎಯ ಒಂದು ತುಂಡಿನ ಪ್ರತಿಗಳನ್ನು ಹೆಚ್ಚು ಮಾಡಿಕೊಂಡು, ಒಂದು ನಿರ್ದಿಷ್ಟ ಕಿಣ್ವದಿಂದ ಕತ್ತರಿಸುತ್ತಾರೆ. ಅಸಲಿ ಚುವಾನ್ ಆದರೆ ಎರಡು ತುಂಡಾಗುತ್ತದೆ, ಬೇರೆ ಬೇಮು ಆದರೆ ಆಗುವುದಿಲ್ಲ.

ಪಿಂಗ್ ಬೆರೆಸಿದರೆ ದುಡ್ಡು ಹೋಯಿತು, ಅಷ್ಟೇ. ಜೀವಕ್ಕೆ ಕುತ್ತು ತರುವ ಕಲಬೆರಕೆ ಇನ್ನೊಂದಿದೆ. ಯುನ್ನಾನ್ ಕಡೆ ಲಿಜಿಯಾಂಗ್ ಶಾನ್‌ಸಿಗು ಅಂತ ಒಂದು ಪುಟ್ಟ ಗಡ್ಡೆ ಇದೆ. ಹುಲ್ಲು ಬೇಮು ಅಂತಲೂ ಕರೆಯುವುದರಿಂದ ಜನ ಮೋಸ ಹೋಗುತ್ತಾರೆ. ಇದರ ಸಸ್ಯಶಾಸ್ತ್ರದ ಹೆಸರು ಇಫಿಜೀನಿಯಾ ಇಂಡಿಕಾ. ಹೆಸರಿನಲ್ಲೇ ಇಂಡಿಯಾ ಇದೆ, ಮಳೆಗಾಲದಲ್ಲಿ ನಮ್ಮ ಪಶ್ಚಿಮ ಘಟ್ಟದ ಹುಲ್ಲುಗಾವಲಲ್ಲೂ ಇದರ ಕಡು ನೇರಳೆ ಹೂವು ಕಾಣಸಿಗುತ್ತದೆ. ಮಲೆನಾಡಿನ ಬೇಲಿಗಳಲ್ಲಿ ಅರಳುವ ಗೌರಿ ಹೂವಿನ ಹತ್ತಿರದ ಸಂಬಂಧಿ ಇದು. ಗೌರಿ ಹೂವಿನ ಗಡ್ಡೆ ವಿಷ ಅಂತ ಹಳ್ಳಿಯವರಿಗೆ ಗೊತ್ತು. ಆ ವಿಷ ಕೋಲ್ಚಿಸೀನ್, ಇದರಲ್ಲೂ ಅದೇ ಇರುವುದು. ತಿಂದ ಕೂಡಲೇ ಏನೂ ಅನ್ನಿಸದೆ ಇರಬಹುದು. ಕೆಲವು ಗಂಟೆ ಕಳೆದ ಮೇಲೆ ವಾಂತಿ, ಭೇದಿ ಶುರುವಾಗುತ್ತದೆ, ಆಮೇಲೆ ಒಂದೊಂದೇ ಅಂಗ ಸೋಲುತ್ತದೆ. ಇದಕ್ಕೆ ಗುರುತು ಹೀಗೆ: ಗಡ್ಡೆಯ ಒಂದು ಪಕ್ಕದಲ್ಲಿ ಬುಡದಿಂದ ತುದಿಯವರೆಗೆ ಉದ್ದ ಗೀರು ಇರುತ್ತದೆ, ಆದರೆ ಅದು ಎರಡು ಎಸಳಾಗಿ ಬಿಡಿಸಿಕೊಳ್ಳುವುದಿಲ್ಲ. ಬೇಮು ಬೆಳ್ಳುಳ್ಳಿಯ ಹಾಗೆ ಎಸಳು ಬಿಡಿಸಿಕೊಳ್ಳುತ್ತದೆ. ಪೊಟ್ಟಣದಲ್ಲಿ ಒಂದೇ ಒಂದು ಅನುಮಾನದ ಗಡ್ಡೆ ಕಂಡರೂ ಇಡೀ ಪೊಟ್ಟಣ ಬಿಡಿ.

ಬಣ್ಣವನ್ನೂ ಗಮನಿಸಿ. ಗ್ರಾಹಕರು ಬಿಳಿ ಗಡ್ಡೆ ಕೇಳುತ್ತಾರೆ ಅಂತ ಗಂಧಕದ ಹೊಗೆ ಹಾಕುವವರಿದ್ದಾರೆ. ಸುಣ್ಣದಷ್ಟು ಬಿಳಿ ಇದ್ದು, ಮೂಸಿದರೆ ಪಟಾಕಿಯ ಘಾಟು ಬಂದರೆ ಬೇಡ. ಅಸ್ತಮಾ ಇರುವವರಿಗೆ ಆ ಗಂಧಕದ ಅಂಶವೇ ಕೆಮ್ಮು ಕೆರಳಿಸಬಹುದು.

ಕಾಡಿನ ಚುವಾನ್ ಬೇಮುವಿನ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಲೂ ಬೇ ಕೊಡುವ ಫ್ರಿಟಿಲ್ಲೇರಿಯಾ ಡೆಲವಾಯಿ ಅನ್ನುವ ಗಿಡ ಹೆಂಗ್‌ದುವಾನ್ ಬೆಟ್ಟಸಾಲಿನ ಕಲ್ಲುಜಲ್ಲಿಯ ಇಳಿಜಾರಿನಲ್ಲಿ ಬೆಳೆಯುತ್ತದೆ. ಐದು ವರ್ಷ ಆಗುವ ತನಕ ಹೂ ಬಿಡುವುದಿಲ್ಲ, ಬಿಟ್ಟರೂ ವರ್ಷಕ್ಕೆ ಒಂದೇ ಹೂವು. ಒಂದು ಕಿಲೋ ಒಣ ಗಡ್ಡೆ ಬೇಕಾದರೆ 3,500ಕ್ಕೂ ಹೆಚ್ಚು ಗಿಡ ಅಗೆಯಬೇಕು. ಕುನ್ಮಿಂಗ್ ಸಸ್ಯಶಾಸ್ತ್ರ ಸಂಸ್ಥೆ ಮತ್ತು ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2020ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಜನ ಹೆಚ್ಚು ಅಗೆಯದ ಜಾಗಗಳಲ್ಲಿ ಈ ಗಿಡ ಎದ್ದು ಕಾಣುವ ಹಸಿರು. ಹೆಚ್ಚು ಅಗೆಯುವ ಜಾಗಗಳಲ್ಲಿ ಎಲೆಯೂ ಹೂವೂ ಸುತ್ತಲಿನ ಕಲ್ಲಿನ ಬಣ್ಣಕ್ಕೆ ತಿರುಗಿವೆ, ಬೂದು, ಕಂದು. ಕಣ್ಣಿಗೆ ಬಿದ್ದ ಹಸಿರು ಗಿಡಗಳನ್ನೆಲ್ಲ ಕಿತ್ತಿದ್ದರಿಂದ ಕಲ್ಲಿನ ಬಣ್ಣದವು ಉಳಿದುಕೊಂಡು ಬೀಜ ಕಟ್ಟಿದವು. ಮನುಷ್ಯನಿಗೆ ಹೆದರಿ ಒಂದು ಗಿಡ ಬಣ್ಣ ಬದಲಿಸುವಷ್ಟು ನಾವು ಅದನ್ನು ಅಗೆದಿದ್ದೇವೆ. ಈ ಅಧ್ಯಯನ ಓದಿದ ಮೇಲೆ ಕಾಡಿನ ಗಡ್ಡೆ ಕೊಳ್ಳಿ ಅಂತ ಯಾರಿಗೂ ಹೇಳಲು ನನಗೆ ಮನಸ್ಸಿಲ್ಲ. ಚೀನಾ ಸರ್ಕಾರ 2021ರಲ್ಲಿ ಈ ಕುಲದ ಕಾಡುಗಿಡಗಳನ್ನು ಎರಡನೇ ದರ್ಜೆಯ ರಕ್ಷಿತ ಸಸ್ಯಗಳ ಪಟ್ಟಿಗೆ ಸೇರಿಸಿದೆ. ಕೃಷಿಯಲ್ಲಿ ಬೆಳೆದ ಚುವಾನ್ ಈಗ ಮಾರುಕಟ್ಟೆಗೆ ಬರುತ್ತಿದೆ, ಫಾರ್ಮಾಕೋಪಿಯಾವೂ ಅದನ್ನು ಒಪ್ಪಿದೆ. ಕೊಳ್ಳುವುದೇ ಆದರೆ ಅದನ್ನು ಕೊಳ್ಳಿ.

ಚುವಾನ್ ಬೇಮುವಿನ ಹತ್ತಿರದ ಬಂಧು ನಮ್ಮ ಹಿಮಾಲಯದಲ್ಲೂ ಇದೆ, ಕಾಶ್ಮೀರದಿಂದ ಉತ್ತರಾಖಂಡದವರೆಗೆ. ಆಯುರ್ವೇದದ ಅಷ್ಟವರ್ಗ, ಅಂದರೆ ಚ್ಯವನಪ್ರಾಶಕ್ಕೆ ಹಾಕುವ ಎಂಟು ಬೇರುಗಡ್ಡೆಗಳಲ್ಲಿ, ಕಾಕೋಲಿ ಅಥವಾ ಕ್ಷೀರಕಾಕೋಲಿ ಅಂತ ಇದನ್ನು ಗುರುತಿಸುವವರಿದ್ದಾರೆ. ಅಲ್ಲೂ ಅಗೆದು ಅಗೆದು ಗಿಡ ಅಪರೂಪವಾಗಿದೆ. ಹಾಗಾಗಿ ಚೀನಾದ್ದು ಬೇಡ, ಹಿಮಾಲಯದ್ದು ತರಿಸುತ್ತೇನೆ ಅನ್ನುವುದೂ ಪರಿಹಾರವಲ್ಲ.

ಈಗ ನಿಮ್ಮ ಅತ್ತೆಯವರ ವಿಷಯಕ್ಕೆ ಮತ್ತೆ ಬರುತ್ತೇನೆ. ವೈದ್ಯರು ನೋಡಿ, ಮಾತ್ರೆಯ ಕಾರಣ ಅಲ್ಲ, ಶ್ವಾಸಕೋಶದಲ್ಲಿ ತೊಂದರೆ ಇಲ್ಲ, ಗಂಟಲು ಒಣಗಿ ಬರುವ ಕೆಮ್ಮು ಅಷ್ಟೇ ಅಂತ ಹೇಳಿದರು ಅಂದುಕೊಳ್ಳೋಣ. ಆಗ ಎರಡರಲ್ಲಿ ಹೊಂದುವುದು ಚುವಾನ್. ಝೆ ತರಬೇಡಿ, ಅವರಿಗೆ ಹೊರಗೆ ಹಾಕಲು ಕಫವೇ ಇಲ್ಲವಲ್ಲ. ಆದರೂ ಚುವಾನ್ ಕೊಡುವಾಗ ಕೆಲವು ಎಚ್ಚರ ಬೇಕು. ಈ ಆಲ್ಕಲಾಯ್ಡ್‌ಗಳು ಪ್ರಾಣಿಗಳಲ್ಲಿ ಬಿಪಿ ಇಳಿಸಿದ್ದು ಕಂಡಿದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ತಲೆ ಸುತ್ತು ಬಂದರೆ ತಕ್ಷಣ ನಿಲ್ಲಿಸಬೇಕು. ಪೇರ್ಸ್ ಹಣ್ಣಿಗೆ ಕಲ್ಲುಸಕ್ಕರೆ ಹಾಕುವುದು ರೂಢಿ, ಶುಗರ್ ಇರುವವರಿಗೆ ಅದು ಬೇಡ, ಹಣ್ಣಿನ ಸಿಹಿಯೇ ಸಾಕು. ಒಂದು ಸಲಕ್ಕೆ ಒಂದು ಗ್ರಾಂ ಪುಡಿಗಿಂತ ಜಾಸ್ತಿ ಬೇಡ, ಒಂದು ವಾರಕ್ಕಿಂತ ಹೆಚ್ಚು ದಿನವೂ ಬೇಡ. ಪುಡಿಯನ್ನು ಅಂಗಡಿಯಲ್ಲಿ ಕೊಳ್ಳಬೇಡಿ. ಇಡೀ ಗಡ್ಡೆ ಕೊಂಡು, ಒಂದೊಂದನ್ನೂ ನೋಡಿ, ಮನೆಯಲ್ಲೇ ಪುಡಿ ಮಾಡಿ.

ಸಿಂಗಪುರದಲ್ಲಿ ಎಲ್ಲೆಡೆ ಸಿಗುವ ಪೈ ಪಾ ಕೋವಾ ಸಿರಪ್ ಕೂಡ ನಿಮ್ಮ ಕಣ್ಣಿಗೆ ಬಿದ್ದಿರಬೇಕು. ಚುವಾನ್ ಬೇಮು ಮತ್ತು ಲೊಕ್ವಾಟ್ ಎಲೆ ಅದರ ಮುಖ್ಯ ಸಾಮಾನು. ಆದರೆ ಅದು ಜೇನು, ಮಾಲ್ಟೋಸ್‌ನ ಗಟ್ಟಿ ಪಾಕ. ಅನೇಕ ಬ್ರಾಂಡುಗಳಲ್ಲಿ ಅತಿಮಧುರವೂ ಇರುತ್ತದೆ, ಅದು ದಿನಾ ಹೊಟ್ಟೆಗೆ ಹೋದರೆ ಬಿಪಿ ಏರಿಸುತ್ತದೆ. ಬಿಪಿ, ಶುಗರ್ ಎರಡೂ ಇರುವವರಿಗೆ ಆ ಬಾಟಲಿ ತರಲೇಬೇಡಿ.

ಇನ್ನೊಂದು ನಿಷೇಧವನ್ನು ಚೀನೀ ವೈದ್ಯರು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಬೇಮು ಮತ್ತು ವತ್ಸನಾಭಿ ಅನ್ನುವ ವಿಷಗಿಡದ ಜಾತಿಯ ಬೇರುಗಳು ಒಟ್ಟಿಗೆ ಹೊಟ್ಟೆಗೆ ಹೋಗಬಾರದು. ಇದು ನಮಗೂ ಲೆಕ್ಕಕ್ಕೆ ಬರುತ್ತದೆ. ಯಾಕೆಂದರೆ ಜ್ವರ, ನೆಗಡಿ, ಮೈಕೈ ನೋವಿಗೆ ಕೊಡುವ ಕೆಲವು ಆಯುರ್ವೇದ ಗುಳಿಗೆಗಳಲ್ಲಿ ಶುದ್ಧಿ ಮಾಡಿದ ವತ್ಸನಾಭಿ ಇರುತ್ತದೆ. ನಿಮ್ಮ ಅತ್ತೆಯವರು ಅಂಥ ಗುಳಿಗೆ ತೆಗೆದುಕೊಳ್ಳುತ್ತಿದ್ದಾರಾ ಅಂತ ಕೇಳಿ. ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ, ಚಿಕ್ಕ ಮಕ್ಕಳಿಗೆ ಮನೆಯಲ್ಲಿ ಬೇಮು ಕೊಡುವುದು ನನಗೆ ಒಪ್ಪಿಗೆ ಇಲ್ಲ.

ಶಿವಮೊಗ್ಗದಲ್ಲಿ ಆಡುಸೋಗೆ ಬೇಲಿಯಲ್ಲೇ ಬೆಳೆಯುತ್ತಲ್ಲ, ಅದು ಆಗುವುದಿಲ್ಲವಾ ಅಂತ ನಿಮಗೆ ಅನ್ನಿಸಬಹುದು. ಆಡುಸೋಗೆ ಒಳ್ಳೆಯ ಗಿಡ. ಅದರ ವ್ಯಾಸಿಸೀನ್ ಅನ್ನುವ ಆಲ್ಕಲಾಯ್ಡ್‌ನ ಜಾಡು ಹಿಡಿದೇ ಇಂದಿನ ಕಫದ ಸಿರಪ್‌ಗಳಲ್ಲಿರುವ ಬ್ರೋಮ್‌ಹೆಕ್ಸೀನ್ ಬಂದದ್ದು. ಆದರೆ ಅದರ ಕೆಲಸ ಗಟ್ಟಿ ಕಫವನ್ನು ನೀರಾಗಿಸಿ ಹೊರಗೆ ತರುವುದು. ಬೇಮುಗಳ ಲೆಕ್ಕದಲ್ಲಿ ಹೇಳುವುದಾದರೆ ಅದು ಝೆಯ ಪಕ್ಕದಲ್ಲಿ ಕೂರುತ್ತದೆ, ಚುವಾನ್‌ನ ಪಕ್ಕದಲ್ಲಲ್ಲ. ನಿಮ್ಮ ಅತ್ತೆಯವರ ಈಗಿನ ಕೆಮ್ಮಿಗೆ ಅದೂ ಬೇಡ. ರಾತ್ರಿ ಮಲಗುವಾಗ ಬಿಸಿನೀರು ಕುಡಿಯಲಿ, ದಿಂಬು ಸ್ವಲ್ಪ ಎತ್ತರಿಸಿಕೊಳ್ಳಲಿ, ಮತ್ತು ನೀವು ಆ ಬಿಪಿ ಮಾತ್ರೆಯ ಪಟ್ಟಿಯ ಫೋಟೊ ತರಿಸಿಕೊಂಡು ಹೆಸರು ನೋಡಿ. ಗಡ್ಡೆ ಕೊಳ್ಳುವುದು ಅದಾದ ಮೇಲೆ.